ಕೊಕ್ಕೆ ಬಿಟ್ಟ ಮೇಲೆ

"ಇನ್ನೂ ಹತ್ತು ಎಣಿಸು," ಎಂದ ಅಣ್ಣ, ಸೊಂಟದ ಮೇಲೆ ಕೈಯಿಟ್ಟು.

ಅವಳು ಶೆಡ್ಡಿನ ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿದ ಬಾರ್ ಹಿಡಿದು ನೇತಾಡುತ್ತಿದ್ದಳು. ಪಾದ ನೆಲದಿಂದ ಒಂದು ಗೇಣು ಮೇಲೆ. ಮೂರು, ನಾಲ್ಕು ಎನ್ನುವಷ್ಟರಲ್ಲಿ ಎಡಗೈಯ ಹೆಬ್ಬೆರಳು ತನಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲವೆಂಬಂತೆ ಸಡಿಲವಾಯಿತು. ಉಳಿದ ಬೆರಳುಗಳನ್ನು ಹೇಗೋ ಮಡಚಿಕೊಂಡು, ಭಾರವನ್ನೆಲ್ಲ ಬಲಗೈಗೆ ದಾಟಿಸಿ, ಹಲ್ಲು ಕಚ್ಚಿ ಹತ್ತು ಮುಗಿಸಿದಳು. ಇಳಿದ ಕೂಡಲೇ ಎಡಗೈಯನ್ನು ಬೆನ್ನ ಹಿಂದೆ ಒಯ್ದಳು.

"ನಲವತ್ತೊಂದಕ್ಕೆ ಜನ ಮೊಣಕಾಲಿಗೆ ಮುಲಾಮು ತಿಕ್ಕೊಂಡು ಕೂತಿರ್ತಾರೆ. ನಿನಗೆ ಈಗ ಹಾರೋ ಹುಚ್ಚು ಹತ್ತಿದೆ."

"ನೀನು ಈ ಹೊಟ್ಟೆ ಇಟ್ಕೊಂಡು ಊರಿಗೆಲ್ಲ ಮೇಷ್ಟ್ರಾಗಿಲ್ವಾ? ನನ್ನದೂ ನಡೀಲಿ ಬಿಡು."

ಅಣ್ಣ ನಕ್ಕ. ಕಡಲ ದಂಡೆಯ ಆ ಶೆಡ್ಡಿನಲ್ಲಿ ಅರ್ಧ ಅವನದು, ಅರ್ಧ ಅವಳದು. ದೊಡ್ಡ ಗಾಳಿಪಟದ ದಾರಗಳಿಗೆ ಕಟ್ಟಿದ ಬಾರ್ ಹಿಡಿದು, ಅದರ ಸೆಳೆತಕ್ಕೆ ಸಿಕ್ಕಿಕೊಂಡು, ಪಾದ ಸಿಕ್ಕಿಸಿದ ಹಲಗೆಯ ಮೇಲೆ ನಿಂತು, ನೀರು ಸೀಳಿಕೊಂಡು ಹೋಗುವುದನ್ನು ಅವನು ಕಲಿಸುತ್ತಿದ್ದ. ಕಲಿಯಲು ಬಂದವರು ಬಂಡೆಗೋ ತಂತಿಬೇಲಿಗೋ ಸಿಕ್ಕಿಸಿ ಹರಿದು ತಂದ ಪಟಗಳನ್ನು ಅವಳು ಹೊಲಿದುಕೊಡುತ್ತಿದ್ದಳು. ಗುಬ್ಬಿ ರೆಕ್ಕೆಯಷ್ಟು ತೆಳುವಾದ ಬಟ್ಟೆ. ಒಂದು ಹೊಲಿಗೆ ಸೊಟ್ಟಗಾದರೂ ಗಾಳಿ ಅಲ್ಲೇ ಬಾಯಿ ಹಾಕುತ್ತದೆ. ಎಲ್ಲರಿಗೂ ಅವಳು ಸೂಜಿಯಕ್ಕ. ಅಣ್ಣನಿಗೂ ಬರೀ ಸೂಜಿ.

ಸವಾರಿ ಅವಳಿಗೆ ಹೊಸದಲ್ಲ. ಹದಿನೈದು ವರ್ಷದಿಂದ, ಕೆಲಸ ಮುಗಿದ ಸಂಜೆಗಳಲ್ಲಿ, ಮರಳುದಿಬ್ಬದ ಒಳಗಿನ ಸಪಾಟು ನೀರಿನಲ್ಲಿ ಓಡಾಡಿಕೊಂಡಿದ್ದವಳೇ. ಆದರೆ ಅದೆಲ್ಲ ಕೊಕ್ಕೆಗೆ ಕಟ್ಟಿಕೊಂಡ ಸವಾರಿ. ಸೊಂಟಪಟ್ಟಿಯ ಮುಂದಿನ ಕೊಕ್ಕೆಗೆ ಬಾರಿನ ರಬ್ಬರ್ ಬಳೆ ಸಿಕ್ಕಿಸಿಕೊಂಡರೆ ಪಟದ ಭಾರವನ್ನೆಲ್ಲ ಸೊಂಟವೇ ಹೊರುತ್ತದೆ. ಕೈಗಳಿಗೆ ದಾರಿ ತೋರಿಸುವುದಷ್ಟೇ ಕೆಲಸ. ಬಳೆ ಬಿಡಿಸಿದರೆ ಮನುಷ್ಯನಿಗೂ ಪಟಕ್ಕೂ ನಡುವೆ ಉಳಿಯುವುದು ಎರಡು ಮುಷ್ಟಿ ಮಾತ್ರ. ದೊಡ್ಡ ವರಸೆಗಳೆಲ್ಲ ಹಾಗೆಯೇ ಆಗಬೇಕು. ಅವಳಿಗೆ ಬೇಕಾಗಿದ್ದುದು ಒಂದೇ ಒಂದು: ನೀರಿನಿಂದ ಚಿಮ್ಮಿ, ಕೈ ಮುಂದೆ ಕಾಲು ಹಿಂದೆ ಪೂರಾ ಚಾಚಿಕೊಂಡು, ಒಂದು ಗಳಿಗೆ ಗಾಳಿಯಲ್ಲಿ ಅಡ್ಡ ಮಲಗುವುದು. ಚೆನ್ನಾಗಿ ಮಾಡಿದವರನ್ನು ಕಂಡಾಗೆಲ್ಲ ಅವಳ ಹೊಲಿಗೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಮುಂದಿನ ವರ್ಷ, ಮುಂದಿನ ವರ್ಷ ಎಂದುಕೊಂಡೇ ಹದಿನೈದು ಕಳೆದಿದ್ದವು.

ಮೂರು ತಿಂಗಳ ಹಿಂದೆ ಕತ್ತರಿ ಕೈಜಾರಿ ಬಿತ್ತು. ಮರುದಿನವೂ ಬಿತ್ತು. ಆಮೇಲೆ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿಯತೊಡಗಿತು. ಪರವೂರಿನ ನರದ ಡಾಕ್ಟರು ಬೆರಳುಗಳಿಗೆ ಸೂಜಿ ಚುಚ್ಚಿ, ಯಂತ್ರದ ಗೆರೆಗಳನ್ನು ಬಹಳ ಹೊತ್ತು ನೋಡಿ, ಬಾಗಿಲು ಮುಂದೆ ಮಾಡಿ ಬಂದು ಕುಳಿತು, "ನಿಮ್ಮ ತಾಯಿಗೆ ಏನಾಗಿತ್ತು ಅಂದ್ರಿ?" ಎಂದು ಕೇಳಿದ್ದರು.

ಅಮ್ಮನಿಗೂ ಮೊದಲು ಹೋದದ್ದು ಕೈ. ಆಮೇಲೆ ತೋಳು, ಕಾಲು, ನುಂಗುವುದು, ಕೊನೆಗೆ ಉಸಿರು. ಎರಡೂವರೆ ವರ್ಷ. ಆ ಎರಡೂವರೆ ವರ್ಷವೂ ಅಮ್ಮನನ್ನು ಎತ್ತಿದ್ದು, ಇಳಿಸಿದ್ದು, ತಲೆ ಬಾಚಿದ್ದು ಅಣ್ಣ. ಈಗ ತನ್ನದನ್ನು ಹೇಳಿಬಿಡಬಹುದಿತ್ತು. ಆದರೆ ರಕ್ತದಲ್ಲಿ ಇಳಿದುಬರುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದರಲ್ಲ. ತನ್ನದನ್ನು ಹೇಳಿದರೆ ಅವನದನ್ನೂ, ಅವನ ಹನ್ನೆರಡು ವರ್ಷದ ಮಗಳದನ್ನೂ ಹೇಳಿದ ಹಾಗೆಯೇ. ದಿನಾ ಬೆಳಿಗ್ಗೆ ಬಾಯಿ ತೆರೆಯುತ್ತಿದ್ದಳು. ಅವನು ಯಾವುದೋ ಹಳೇ ಜೋಕು ಹೊಡೆಯುತ್ತಿದ್ದ. ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಒಂದು ದಿನ ಬಾಯಿಂದ ಬಂದ ಮಾತೇ ಬೇರೆ: "ಅಣ್ಣ, ಕೊಕ್ಕೆ ಬಿಟ್ಟು ಹಾರೋದು ಕಲಿಸು. ಈ ವರ್ಷವೇ."

ಮೂರು ವಾರ ಬಿದ್ದಳು. ಮುಖ ಅಡಿಯಾಗಿ, ಬೆನ್ನು ಅಡಿಯಾಗಿ, ಕಿವಿಯಲ್ಲಿ ನೀರು, ಮೂಗಲ್ಲಿ ನೀರು. "ನಿನ್ನಿಂದ ಈ ಕಡಲಿನ ಮಟ್ಟ ಇಳೀತಾ ಇದೆ ಕಣೇ," ಎನ್ನುತ್ತಿದ್ದ ಅಣ್ಣ, ಮೋಟರಿನ ರಬ್ಬರ್ ದೋಣಿಯಲ್ಲಿ ಪಕ್ಕಕ್ಕೇ ಬಂದು. ಬೈಯುತ್ತಿದ್ದ, ಹುರಿದುಂಬಿಸುತ್ತಿದ್ದ. ದಿನದಿಂದ ದಿನಕ್ಕೆ ಅವಳ ಚಿಮ್ಮು ಉತ್ತಮವಾಗುತ್ತಿತ್ತು, ಹಿಡಿತ ಕೆಡುತ್ತಿತ್ತು. ಅವನಿಗೆ ಕಾಣುತ್ತಿದ್ದುದು ಚಿಮ್ಮು.

ಆ ದಿನ ಮಧ್ಯಾಹ್ನ ಗಾಳಿ ಹದವಾಗಿತ್ತು. ಬಾರಿನ ಮೇಲಿನ ಪಟ್ಟಿ ಎಳೆದು ಪಟದ ಜೋರು ತುಸು ಇಳಿಸಿ, ಅವಳು ದಿಬ್ಬದ ಒಳಗೆ ಓಟ ಹಿಡಿದಳು. ಪಟ ಆಕಾಶದ ನೆತ್ತಿಗೂ ನೀರಿಗೂ ನಡುವಿನ ಎತ್ತರದಲ್ಲಿ ಸ್ಥಿರವಾಗಿ ನಿಂತಿತ್ತು.

"ಅವಸರ ಬೇಡ! ಹಲಗೆ ಅಂಚು ಒತ್ತು! ಇನ್ನೂ ಒತ್ತು! ಈಗ ಬಿಡಿಸು!"

ಬಾರನ್ನು ಒಂದಿಷ್ಟು ತನ್ನತ್ತ ಎಳೆದಳು. ಬಳೆ ಕೊಕ್ಕೆಯಿಂದ ಕಳಚಿತು. ಇಡೀ ಆಕಾಶದ ಸೆಳೆತ ಒಮ್ಮೆಗೇ ತೋಳಿಗೆ ಬಂತು. ಮೊಣಕಾಲು ಬಗ್ಗಿಸಿ, ಹಲಗೆಯ ಅಂಚನ್ನು ಒದ್ದು, ಚಿಮ್ಮಿದಳು.

ಈ ಸಲ ಬೀಳಲಿಲ್ಲ. ನೀರು ಕೆಳಗೆ ಉಳಿಯಿತು. ತೋಳು ಚಾಚಿತು, ಬೆನ್ನು ಚಾಚಿತು, ಕಾಲು ಹಲಗೆಯ ಸಮೇತ ಹಿಂದೆ, ತಲೆಗಿಂತ ಮೇಲೆ ಹೋಯಿತು. ಸದ್ದೇ ಇರಲಿಲ್ಲ. ಕೆಳಗೆ ತನ್ನದೇ ನೆರಳು ನೀರಿನ ಮೇಲೆ ಅಡ್ಡಡ್ಡ ಮಲಗಿ ಓಡುತ್ತಿರುವುದು ಕಂಡಿತು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಏನನ್ನೂ ಯೋಚಿಸಲಿಲ್ಲ. ಆಮೇಲೆ ಮೊಣಕಾಲು ತಾನಾಗಿ ಮಡಚಿತು, ಹಲಗೆ ನೀರಿಗೆ ತಾಗಿತು, ಅವಳು ನಿಂತೇ ಇದ್ದಳು.

"ಹಾರ್ದೆ! ಹಾರ್ದೆ ಕಣೇ ಸೂಜಿ!" ಅಣ್ಣ ದೋಣಿಯಲ್ಲಿ ಎದ್ದುನಿಂತು ಟೋಪಿ ಬೀಸಿದ. "ಸಿಕ್ಕಿಸ್ಕೋ ಈಗ!"

ಬಾರನ್ನು ಸೊಂಟಕ್ಕೆ ಎಳೆದುಕೊಂಡು ಬಳೆಯನ್ನು ಕೊಕ್ಕೆಗೆ ಹಾಕಬೇಕು, ಅಷ್ಟೇ. ಎಳೆದಳು. ಕೊಕ್ಕೆ ಒಂದು ಗೇಣು ದೂರ ಉಳಿಯಿತು. ಸೆಳೆತ ಕಡಿಮೆಯಾಗಲೆಂದು ಪಟವನ್ನು ನೆತ್ತಿಗೆ ತಂದು ಮತ್ತೆ ಎಳೆದಳು. ಇನ್ನೂ ನಾಲ್ಕು ಬೆರಳಷ್ಟು ದೂರ. ಎಡಗೈಗೆ ಆಜ್ಞೆ ಹೋಗುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಬಲಗೈ ಒಂದೇ ಎಳೆದದ್ದಕ್ಕೆ ಬಾರ್ ವಾಲಿತು, ಪಟ ಬಲಕ್ಕೆ ಕವುಚಿ ನೀರಿನತ್ತ ನುಗ್ಗಿತು, ಅವಳನ್ನು ಹಲಗೆಯಿಂದ ಕಿತ್ತು ಮುಖ ಅಡಿಯಾಗಿ ದರದರ ಎಳೆದುಕೊಂಡು ಹೋಯಿತು. ಬಿಡದೆ ವಿಧಿಯಿರಲಿಲ್ಲ. ಬಿಟ್ಟಳು. ಪಟ, ಕೈತಪ್ಪಿದರೂ ಹಾರಿಹೋಗದಂತೆ ಸೊಂಟಕ್ಕೆ ಕಟ್ಟಿದ್ದ ಬಳ್ಳಿಯ ತುದಿಯಲ್ಲಿ, ನೀರಿಗೆ ಮಗುಚಿಕೊಂಡು ಬಿತ್ತು.

ದೋಣಿ ಬಂತು. ಅಣ್ಣನ ಮುಖದಲ್ಲಿ ಇನ್ನೂ ನಗು. "ಅಷ್ಟು ಚೆನ್ನಾಗಿ ಇಳಿದು ಯಾಕೆ ಬಿಟ್ಟೆ? ಬೇಕಾದಷ್ಟು ಟೈಮಿತ್ತಲ್ಲ?"

"ಕೈ ಜಾರ್ತು."

"ಜಾರೋಕೆ ಅದೇನು ಸೋಪಾ? ಬಾ, ಹತ್ತು."

ಬಲಗೈ ಚಾಚಿದಳು.

"ಎರಡೂ ಕೊಡು, ನನಗೇನು ಇಪ್ಪತ್ತು ವರ್ಷವಾ ಒಂದೇ ಕೈಲಿ ಎತ್ತೋಕೆ?"

ಅವಳು ಕೊಡಲಿಲ್ಲ. ಅವನೇ ಬಾಗಿ ಎಡಗೈ ಹಿಡಿದ. ಹಿಡಿದ ಕೈ ತಿರುಗಿ ಹಿಡಿಯಲಿಲ್ಲ. ಒದ್ದೆ ಬಟ್ಟೆಯ ಹಾಗೆ ಅವನ ಮುಷ್ಟಿಯೊಳಗೆ ಸುಮ್ಮನೆ ಇತ್ತು. ಅವನು ಎತ್ತಲಿಲ್ಲ. ಆ ಕೈಯನ್ನು ಬೆಳಕಿಗೆ ತಿರುಗಿಸಿದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಾಂಸವಿರಬೇಕಾದ ಕಡೆ ಹಳ್ಳ ಬಿದ್ದಿತ್ತು. ಆ ಹಳ್ಳದಲ್ಲಿ ತನ್ನ ಹೆಬ್ಬೆರಳು ಒತ್ತಿ ನೋಡಿದ. ಅದು ಅವನಿಗೆ ಹೊಸದಲ್ಲ. ಎರಡೂವರೆ ವರ್ಷ ಅಂಥದೇ ಕೈ ಒರೆಸಿದವನು ಅವನು.

ಮೋಟರು ಬುಡುಬುಡು ಎನ್ನುತ್ತಿತ್ತು. ಅವನು ಅದನ್ನು ಆರಿಸಿದ. ಅವಳ ಕಂಕುಳಿಗೆ ಕೈಹಾಕಿ, ಹಿಂದೆ ಅಮ್ಮನನ್ನು ಎತ್ತುತ್ತಿದ್ದ ಹಾಗೆಯೇ, ಎತ್ತಿ ದೋಣಿಯೊಳಗೆ ಕೂರಿಸಿದ.

"ಯಾವಾಗಿಂದ?"

"ಮೂರು ತಿಂಗಳು. ಅದಕ್ಕೂ ಮುಂಚೆಯೇ ಇರಬಹುದು."

"ತೋರಿಸಿದ್ಯಾ?"

"ಎರಡು ಕಡೆ."

"ಅಮ್ಮನದೇನಾ?"

"ಅಮ್ಮನದೇ."

ಅವನು ಕಡಲಿನ ಕಡೆ ನೋಡಿದ. ದೂರದಲ್ಲಿ ಇನ್ನಿಬ್ಬರು ಸವಾರರು ಒಬ್ಬರಿಗೊಬ್ಬರು ಕೂಗುತ್ತ ಹಾರುತ್ತಿದ್ದರು.

"ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ? ಮೂರು ವಾರ ನಿನ್ನ ತೊಲೆಗೆ ನೇತುಹಾಕಿ ಹತ್ತು ಎಣಿಸು, ಇಪ್ಪತ್ತು ಎಣಿಸು ಅಂತ…"

"ನಿನಗೆ ಹೇಳೋದಂದ್ರೆ ನನ್ನದೊಂದೇ ಹೇಳೋದಲ್ಲ, ಅಣ್ಣ. ನೀನೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಂಡ್ರೆ ಒಳ್ಳೇದು ಅಂದ್ರು ಡಾಕ್ಟ್ರು. ಮಗು ದೊಡ್ಡೋಳಾದ್ಮೇಲೆ ಅವಳಿಗೂ…"

"ಸಾಕು."

"ಬಾಯಿ ಬರ್ಲಿಲ್ಲ ನನಗೆ."

"ಸಾಕು ಅಂದೆನಲ್ಲ!"

ಹದಿನೈದು ವರ್ಷದಲ್ಲಿ ಅವನು ನೀರಿನ ಮೇಲೆ ಯಾರ ಮೇಲೂ ಹಾಗೆ ಕಿರುಚಿದವನಲ್ಲ. ಕಿರುಚಿದ ಮೇಲೆ ಅವನಿಗೇ ಏನು ಮಾಡಬೇಕೋ ತೋಚದೆ, ಬಳ್ಳಿ ಎಳೆದು ಪಟವನ್ನು ದೋಣಿಗೆ ಒಟ್ಟತೊಡಗಿದ. ಹಲಗೆ ಹೆಕ್ಕಿದ. ಮೋಟರು ಹಚ್ಚಿ ದೋಣಿಯನ್ನು ದಡಕ್ಕೆ ತಿರುಗಿಸಿದ.

ದಂಡೆಯಲ್ಲಿ ಅವಳು ಸೊಂಟಪಟ್ಟಿ ಬಿಚ್ಚಲು ನೋಡಿದಳು. ಬಕಲು ಬೆರಳಿಗೆ ದಕ್ಕಲಿಲ್ಲ. ಅವನು ಬಂದು ಮಂಡಿಯೂರಿ ಬಿಚ್ಚಿದ. ಅಷ್ಟು ಹತ್ತಿರದಿಂದ ಅವನ ಕಿವಿಯ ಬಳಿಯ ಬಿಳಿಕೂದಲು ಕಂಡಿತು. ಬಿಚ್ಚಿದ ಮೇಲೆ ಅವನು ಎದ್ದುಹೋಗಲಿಲ್ಲ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳು ಅಗಲಿಸಿ, ಮುಚ್ಚಿ, ಮತ್ತೆ ಅಗಲಿಸಿ ನೋಡಿದ. ಅವಳು ನೋಡುತ್ತಿದ್ದಾಳೆಂದು ತಿಳಿದು ಕೈ ಇಳಿಸಿದ.

"ನಾಳೆ ಗಾಳಿ ಹೇಗಿದೆ?" ಎಂದು ಕೇಳಿದಳು ಅವಳು.

ನಾಳೆಯೂ ನಾಡಿದ್ದೂ ಇಂಥದೇ ಗಾಳಿ ಎಂದು ಶೆಡ್ಡಿನ ಬಾಗಿಲಿಗೆ ಅವನೇ ಬೆಳಿಗ್ಗೆ ಬರೆದು ಅಂಟಿಸಿದ್ದ.

"ಗಾಳಿ ಇಲ್ಲ ನಾಳೆ," ಎಂದ.

ಅವನು ಪಟವನ್ನು ಮರಳಿನ ಮೇಲೆ ಹಾಸಿ ಗಾಳಿಯ ಬಿರಡೆ ತೆಗೆದ. ಪಟದ ಮುಂದಿನ ಅಂಚಿನ, ಗಾಳಿ ತುಂಬಿದ ದಪ್ಪ ಕೊಳವೆ ಉಸ್ಸೆಂದು ಕುಸಿಯತೊಡಗಿತು. ಯಾವಾಗಲೂ ಇಬ್ಬರೂ ಎರಡು ತುದಿಯಿಂದ ಒತ್ತಿ ಮಡಚುವ ಕೆಲಸ. ಈಗ ಅವನೊಬ್ಬನೇ ಒಂದು ತುದಿಯಿಂದ ಮೊಣಕಾಲೂರಿ ಒತ್ತುತ್ತ ಬಂದ, ನಡುವಿಗೆ ಬರುವಷ್ಟರಲ್ಲಿ ಅದರ ಮೇಲೆಯೇ ಬೋರಲು ಮಲಗಿದ. ಗಾಳಿಯ ಸದ್ದು ಸಣ್ಣದಾಯಿತು, ನಿಂತಿತು. ಅವನು ಮೇಲೇಳಲಿಲ್ಲ. ಬಟ್ಟೆಯ ಒದ್ದೆ ತುದಿ ಅವನ ಕಾಲ ಬಳಿ ಪಟಪಟ ಬಡಿದುಕೊಳ್ಳುತ್ತಿತ್ತು. ಅದು ಹಾರಿಹೋಗದಿರಲೆಂದು ಅವಳು ಪಕ್ಕದಲ್ಲಿ ಕುಳಿತು, ಬಲಗೈಯಿಂದ ಒಂದೊಂದೇ ಹಿಡಿ ಮರಳು ತೆಗೆದು ಅದರ ಮೇಲೆ ಹಾಕತೊಡಗಿದಳು.