ಹಿಗ್ಗುವ ವಿಶ್ವವೂ ಕದಿರಮ್ಮನ ಹುಳುಗಳೂ

ಮೂವತ್ತೆಂಟನೇ ಇಸವಿಯ ಮಾತು. ದೇವರಾಯಸಮುದ್ರಕ್ಕೆ ಹೆಣ್ಣುಮಕ್ಕಳ ಶಾಲೆ ಬರುವುದೂ ಬಿಡುವುದೂ ಊರಿಗೇ ಹಿರಿಯಳಾದ ಕದಿರಮ್ಮನ ಒಂದು ಮಾತಿನ ಮೇಲೆ ನಿಂತಿತ್ತು. ಸೋಮವಾರದೊಳಗೆ ಹತ್ತು ಹುಡುಗಿಯರ ಹೆಸರು ಬರೆದು ಸರ್ಕಾರಕ್ಕೆ ಕಳಿಸದಿದ್ದರೆ ಶಾಲೆ ಬೇರೆ ಊರಿನ ಪಾಲು. ಚನ್ನರಾಯಪ್ಪ ಮೇಷ್ಟ್ರು ಬೀದಿ ಬೀದಿ ಸುತ್ತಿ ಚಪ್ಪಲಿ ಸವೆಸಿದ್ದೇ ಬಂತು. ಎಲ್ಲ ಮನೆಯಲ್ಲೂ ಒಂದೇ ಉತ್ತರ: "ಕದಿರಮ್ಮ ಮೊಮ್ಮಗಳನ್ನ ಕಳಿಸ್ಲಿ, ನಾವೂ ಕಳಿಸ್ತೀವಿ."

ಆ ಮುದುಕಿಯೋ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಹಾಕಿದರೆ ತನ್ನ ರೇಷ್ಮೆ ಹುಳುಗಳಿಗೆ ಮಾತ್ರ.

ಶನಿವಾರ ಮಧ್ಯಾಹ್ನ ಮೇಷ್ಟ್ರು ಹೋದಾಗ ಹುಳುಗಳು ಎರಡನೆಯ ಸಲ ಪೊರೆ ಬಿಟ್ಟು ಹಸಿದು ಎದ್ದಿದ್ದವು. ಹುಳು ಸಾಕುವ ಕೋಣೆಗೆ ಹೊರಗಿನವರನ್ನು ಬಿಡುವುದುಂಟೆ? ಮೇಷ್ಟ್ರು ಹೊಸ್ತಿಲಾಚೆಯೇ ನಿಂತರು. ಓದಿದರೆ ಕಾಗದ ಬರೆಯಬಹುದು, ಸಂತೆಯಲ್ಲಿ ಮೋಸ ಹೋಗದೆ ಇರಬಹುದು ಎಂದೆಲ್ಲ ಹೇಳಿದರು. ಕದಿರಮ್ಮ ತಲೆಯನ್ನೂ ಎತ್ತಲಿಲ್ಲ.

ಕೊನೆಗೆ ಮೇಷ್ಟ್ರು ಬೆಂಗಳೂರಿನ ಮಾಸಪತ್ರಿಕೆಯೊಂದರಲ್ಲಿ ಓದಿದ್ದ ಬ್ರಹ್ಮಾಸ್ತ್ರವನ್ನೇ ಬಿಟ್ಟರು. "ಕದಿರಮ್ಮನೋರೇ, ಓದಿದ್ರೆ ಎಂಥೆಂಥಾದ್ದು ಗೊತ್ತಾಗುತ್ತೆ! ಆಕಾಶದಲ್ಲಿ ನಕ್ಷತ್ರಗಳ ದೊಡ್ಡ ದೊಡ್ಡ ಹಿಂಡುಗಳಿವೆ. ಅವೆಲ್ಲ ನಮ್ಮನ್ನ ಬಿಟ್ಟು ದೂರ ದೂರ ಓಡ್ತಾ ಇವೆ."

ಮುದುಕಿ ಈಗ ತಲೆ ಎತ್ತಿದಳು. "ಯಾಕಂತೆ? ನಾವೇನ್ ಮಾಡಿದ್ವಿ ಅವಕ್ಕೆ?"

ನಿಜ ಹೇಳಬೇಕೆಂದರೆ ಅದು ಮೇಷ್ಟ್ರಿಗೂ ಅರ್ಥವಾಗಿರಲಿಲ್ಲ. ಎಲ್ಲವೂ ನಮ್ಮಿಂದಲೇ ದೂರ ಓಡುತ್ತಿದ್ದರೆ ನಾವೇ ನಟ್ಟನಡುವೆ ಇರಬೇಕಲ್ಲ? ಪತ್ರಿಕೆಯಲ್ಲಿ ಮಾತ್ರ ನಡು ಅನ್ನುವುದೇ ಇಲ್ಲ ಎಂದು ಬರೆದಿತ್ತು. ಆ ಸಾಲನ್ನು ನಾಲ್ಕು ಸಲ ಓದಿ, ಬೆವರು ಒರೆಸಿಕೊಂಡು, ಸುಮ್ಮನೆ ಮುಂದಿನ ಪುಟಕ್ಕೆ ಹೋಗಿದ್ದ ಮಹಾನುಭಾವರು ಅವರು. ಅದನ್ನೇ ಈಗ ತೊದಲುತ್ತ ಒಪ್ಪಿಸಿದರು.

ಕದಿರಮ್ಮ ಮುಂದಿದ್ದ ಬಿದಿರು ತಟ್ಟೆ ನೋಡಿದಳು. ಬೆಳೆಯುವ ಹುಳುಗಳು ಒತ್ತೊತ್ತಾಗಿರಬಾರದೆಂದು ಅವನ್ನು ಸೊಪ್ಪಿನ ಸಮೇತ ಬಿಡಿಸಿ, ದೊಡ್ಡ ತಟ್ಟೆಗೆ ಹರವುತ್ತಿದ್ದಳು.

"ಅಯ್ಯೋ, ಇಷ್ಟೇನಾ? ಇಲ್ನೋಡಿ. ನಾನು ಸೊಪ್ಪಿನ ಹಾಸು ಹರವಿದೆ ಅಷ್ಟೇ, ಇವು ಯಾವೂ ಓಡ್ಲಿಲ್ಲ. ಈ ಹುಳಾನ ಕೇಳಿ, ಎಲ್ರೂ ನನ್ನ ಬಿಟ್ಟು ದೂರ ಹೋದ್ರು ಅನ್ನುತ್ತೆ. ಆ ಕಡೇದನ್ನ ಕೇಳಿ, ಅದ್ರದ್ದೂ ಅದೇ ಗೋಳು. ನಡೂ ಇಲ್ಲ ಗಿಡೂ ಇಲ್ಲ!"

ಮೇಷ್ಟ್ರಿಗೆ ಪತ್ರಿಕೆಯ ಆ ಸಾಲು ಈಗ ಅರ್ಥವಾಯಿತು. ಇನ್ನು ಕುಣಿಯುವುದೊಂದು ಬಾಕಿ. "ಅದೇ ಕದಿರಮ್ಮನೋರೇ, ಅದೇ!" ಎಂದು ಕೂಗಿ, "ಮೆಲ್ಲಗೆ! ಹುಳ ಬೆದರ್ತವೆ" ಎಂದು ಬೈಸಿಕೊಂಡರು. ಬೈಸಿಕೊಂಡರೂ ಖುಷಿ ತಡೆಯಲಾಗಲಿಲ್ಲ.

"ಸರಿ, ನಾನಂತೂ ದೊಡ್ಡ ತಟ್ಟೆ ತಂದೆ," ಎಂದಳು ಮುದುಕಿ. "ಅಲ್ಲಿ ತಟ್ಟೆ ಯಾವ್ದು? ಅದ್ರ ಅಂಚಿನಾಚೆ ಏನದೆ?"

ಇಪ್ಪತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಅವರು ಯಾರ ಮುಂದೆಯೂ ಗೊತ್ತಿಲ್ಲ ಎಂದವರಲ್ಲ. ಏನೋ ಒಂದು ಸಂಸ್ಕೃತ ಪದ ಎಸೆದು ಪಾರಾಗಬಹುದಿತ್ತು. ಆದರೆ ಈಗಷ್ಟೇ ತಮಗೆ ಪಾಠ ಹೇಳಿದವಳ ಮುಂದೆ ಸುಳ್ಳಾಡಲು ನಾಲಿಗೆ ಏಳಲಿಲ್ಲ. ಶಾಲೆ ಹೋದರೆ ಹೋಗಲಿ ಎಂದುಕೊಂಡರು.

"ಗೊತ್ತಿಲ್ಲ ಕಣಮ್ಮಾ. ನನಗೂ ಗೊತ್ತಿಲ್ಲ, ಅದನ್ನ ಬರೆದೋರಿಗೂ ಗೊತ್ತಿಲ್ಲ. ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ."

"ಯಾರಿಗೂ?"

"ಯಾರಿಗೂ."

ಕದಿರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಚೆನ್ನಾಗದೆ ನಿಮ್ಮ ಓದು! ಇಷ್ಟು ಜನ ಓದಿದ ಗಂಡಸ್ರು ಇಷ್ಟು ದಿನ ಏನ್ ಮಾಡ್ತಿದ್ರಿ? ಲೇ ಮುತ್ಯಾಲೂ, ಬಾರೇ ಇಲ್ಲಿ!"

ಮೊಮ್ಮಗಳು ಸೊಪ್ಪಿನ ಬುಟ್ಟಿ ಹೊತ್ತು ಓಡಿ ಬಂದಳು. ಮುದುಕಿ ಅವಳನ್ನು ಹೊಸ್ತಿಲಾಚೆಗೆ, ಮೇಷ್ಟ್ರ ಮುಂದಕ್ಕೆ ದೂಡಿದಳು.

"ಬರ್ಕೊಳ್ಳಿ ಇವಳ ಹೆಸರು. ಇವಳು ಓದಿ ಕಂಡುಹಿಡೀತಾಳೆ. ಆಮೇಲೆ ನಿಮಗೂ ಹೇಳ್ಕೊಡ್ತಾಳೆ."