ಇನ್ನಾಸಪ್ಪ ಒತ್ತಿದ ಸೋಮವಾರ

ನಾನು ಒಂದು ಕ್ಯಾಲೆಂಡರು. ಗೋಡೆಯ ಮೇಲೆ ಮೊಳೆಗೆ ನೇತಾಡುವ ಜಾತಿ ನನ್ನದಲ್ಲ. ನನಗೆ ದೇವರ ಚಿತ್ರವಿಲ್ಲ, ರಾಹುಕಾಲ ಗೊತ್ತಿಲ್ಲ. ಹಾಸನದ ಒಂದು ಮದುವೆ ಛತ್ರದ ವೆಬ್‌ಸೈಟಿನಲ್ಲಿ, 'ದಿನಾಂಕ' ಎಂಬ ಖಾಲಿ ಚೌಕದ ಹಿಂದೆ ಮಡಚಿಕೊಂಡು ಕೂತಿರುತ್ತಿದ್ದೆ. ಚೌಕವನ್ನು ಮುಟ್ಟಿದರೆ ಸಾಕು, ಒಂದಿಡೀ ತಿಂಗಳನ್ನು ಬಿಚ್ಚಿ ಹರವುತ್ತಿದ್ದೆ.

ನನ್ನನ್ನು ಹುಟ್ಟಿಸಿದ್ದು ತಬಸ್ಸುಮ್. ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು, ಅಂಗಡಿ ಮಳಿಗೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗಿ. ಭಾನುವಾರಗಳಿಗೆ ಕೆಂಪು ಬಣ್ಣ ಬಳಿದು, ಕಳೆದುಹೋದ ದಿನಗಳನ್ನು ಯಾರೂ ಒತ್ತದಂತೆ ಬೂದಿಬಣ್ಣ ಮಾಡಿ, ನನ್ನನ್ನು ಛತ್ರದ ಮ್ಯಾನೇಜರ್ ಮಂಚೇಗೌಡರ ಕೈಗೆ ಒಪ್ಪಿಸಿದಳು.

ನನ್ನ ಕೆಲಸ ಸುಲಭದ್ದು. ಜನ ಒತ್ತಿದ ದಿನವನ್ನು ಹಿಂದೆ ನಿಂತಿರುವ ಲೆಕ್ಕದವನಿಗೆ, ಅಂದರೆ ಎಲ್ಲೋ ದೂರದ ಸರ್ವರ್ ಕಂಪ್ಯೂಟರಿಗೆ, ಕೊಡುವುದು. ಎಡವಟ್ಟು ಆ ಮಹಾರಾಯನದು. ಅವನ ಗಡಿಯಾರ ಸೀಮೆಯಾಚೆಯದು, ನಮಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಸೋಮವಾರ ಹುಟ್ಟುವ ಹೊತ್ತಿಗೆ ಅಲ್ಲಿ ಇನ್ನೂ ಭಾನುವಾರದ ಸಂಜೆ. ನಾನು ಸೋಮವಾರ ಕೊಟ್ಟರೆ ಅವನು ಭಾನುವಾರ ಎಂದು ಬರೆದುಕೊಳ್ಳುತ್ತಿದ್ದ.

ಎರಡು ವರ್ಷ ಯಾರಿಗೂ ತಿಳಿಯಲಿಲ್ಲ. ನಮ್ಮ ಕಡೆ ಛತ್ರ ಹಿಡಿದವರು ಹಿಂದಿನ ಸಂಜೆಯೇ ಬಂದು ಸೇರುತ್ತಾರೆ. ಆವತ್ತು ವರಪೂಜೆ, ಮಾರನೆಯ ಬೆಳಿಗ್ಗೆ ಧಾರೆ. ಅವನು ಬರೆದ ಪಟ್ಟಿಯಲ್ಲಿ ಒಂದು ದಿನ ಹಿಂದಿನ ತಾರೀಖು ಕಂಡರೆ ಮಂಚೇಗೌಡರು, 'ಬರೋ ದಿನ ಹಾಕವ್ರೆ' ಎಂದುಕೊಂಡು ಮಾರನೆಯ ದಿನವನ್ನೂ ಅವರಿಗೇ ಬಿಡುತ್ತಿದ್ದರು. ತಪ್ಪು ಸುಖವಾಗಿ ಉಂಡು ಮಲಗಿತ್ತು.

ಆಗ ಬಂದರು ಇನ್ನಾಸಪ್ಪ. ಬಡಗಿ. ಜೊತೆಗೆ ಮಗಳು ಜೆಸಿಂತಾ. ಸೋಮವಾರ ಚರ್ಚಿನಲ್ಲಿ ಅವಳ ಮದುವೆ, ಆಮೇಲೆ ಛತ್ರದಲ್ಲಿ ಊಟ. ಅವರಿಗೆ ಹಿಂದಿನ ಸಂಜೆ ಬೇಕಿರಲಿಲ್ಲ, 'ಒಂದೇ ದಿನ' ಸಾಕಿತ್ತು.

"ನೀವೇ ಒತ್ತಿ ಯಜಮಾನ್ರೆ, ಆಮೇಲೆ ನಾನ್ ತಪ್ಪಾಕ್ದೆ ಅನ್ಬಾರ್ದು," ಎಂದರು ಮಂಚೇಗೌಡರು.

"ನಾನ್ ಒತ್ತೀನಿ ಬಿಡಪ್ಪ," ಎಂದಳು ಜೆಸಿಂತಾ.

"ನನ್ ಮಗ್ಳು ಮದ್ವೆ ಕಣವ್ವ, ನಾನೇ ಒತ್ತೀನಿ."

ಉಳಿ ಹಿಡಿದು ದಡ್ಡುಗಟ್ಟಿದ ಕೈ ಮೌಸನ್ನು ಅತ್ತಿತ್ತ ಎಳೆದಾಡಿತು. ಆದರೂ ಬಾಣ ಸರಿಯಾಗಿ ಸೋಮವಾರದ ಮೇಲೆಯೇ ನಿಂತಿತು. ಇದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಪಟ್ಟಿಯಲ್ಲಿ ಭಾನುವಾರ ಬಂತು. ಚರ್ಚಿನವರಿಗೆ ಭಾನುವಾರವೇ ಸರಿ ಎಂದು ಮಂಚೇಗೌಡರು ಅನುಮಾನವನ್ನೇ ಪಡಲಿಲ್ಲ. 'ಒಂದೇ ದಿನ' ಎಂದಿದ್ದರಿಂದ ಸೋಮವಾರ ಖಾಲಿ ಎಂದುಕೊಂಡು ಅದನ್ನು ಬಾಯಿಮಾತಿನಲ್ಲೇ ಒಂದು ಸೀಮಂತಕ್ಕೆ ಕೊಟ್ಟುಬಿಟ್ಟರು.

ಆ ಭಾನುವಾರ ಬೆಳಿಗ್ಗೆ ಅವರು ಫೋನ್ ಮಾಡಿದ್ದು ನನ್ನೆದುರಿಗೇ. "ಎಲ್ಲಿದೀರ ಯಜಮಾನ್ರೆ? ಬಾಗ್ಲು ತೆಗ್ದು ಕುಂತಿವ್ನಿ, ಒಬ್ರೂ ಬಂದಿಲ್ವಲ್ಲ!"

ಅಪ್ಪ, ಮಗಳು ಓಡಿಬಂದರು. ಚರ್ಚಿನಲ್ಲಿ ಮೂರು ಭಾನುವಾರ ಕೂಗಿ ಹೇಳಿದ ಮದುವೆ, ಮುಂದಕ್ಕೆ ಹಾಕುವಂತಿರಲಿಲ್ಲ. ಸೀಮಂತದವರೂ ನೆಂಟರನ್ನೆಲ್ಲ ಕರೆದಾಗಿತ್ತು. ಮಂಚೇಗೌಡರು ಪಟ್ಟಿ ತೋರಿಸಿದರು. "ನಿಮ್ ಕೈಯಾರೆ ಒತ್ತಿದ್ದಲ್ವಾ?"

"ಅದಕ್ಕೇ ನಾನ್ ಒತ್ತೀನಿ ಅಂದಿದ್ದು," ಎಂದು ಜೆಸಿಂತಾ ಅತ್ತಳು.

ಇನ್ನಾಸಪ್ಪ ಎದುರಾಡಲಿಲ್ಲ. "ಕಣ್ಣು ಮಂಜಲ್ವಾ, ಕೈ ಜಾರಿರ್ಬೇಕು," ಎಂದು ತಲೆತಗ್ಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ನಿಜ ಗೊತ್ತಿದ್ದ ನನಗೋ ಬಾಯಿರಲಿಲ್ಲ.

ಮದುವೆಯ ಊಟ ಚರ್ಚಿನ ಹಿಂದಿನ ಬಯಲಿನಲ್ಲಿ, ಶಾಮಿಯಾನದ ಕೆಳಗೆ ನಡೆಯಿತಂತೆ. ಬೀಗರು, "ಅಪ್ಪನಿಗೆ ಒಂದು ತಾರೀಖು ಒತ್ತೋಕೆ ಬರಲ್ವಾ" ಎಂದು ಎಲೆಯ ಮುಂದೆ ಕೂತೇ ನಕ್ಕರಂತೆ.

ಮಂಚೇಗೌಡರು ತಬಸ್ಸುಮ್‌ಳನ್ನು ಕರೆಸಿ ಇದನ್ನೆಲ್ಲ ಹೇಳಿದರು. "ವಯಸ್ಸಾದೋರ್ ಕೈಗೆ ಸಿಗೋ ಹಂಗೆ ಅಂಕಿ ದೊಡ್ಡದ್ ಮಾಡಮ್ಮ."

ಅವಳು ನನ್ನ ಅಂಕಿಗಳನ್ನು ಹಿಗ್ಗಿಸಿದಳು. ಪರೀಕ್ಷೆಗೆಂದು ಒಂದು ಗುರುವಾರ ಒತ್ತಿ, 'ಒಂದೇ ದಿನ' ಎಂದು ಹಾಕಿ, ಪಟ್ಟಿ ತೆರೆದಳು. ಬುಧವಾರ ಎಂದಿತ್ತು. ಮತ್ತೆ ಒತ್ತಿದಳು. ಮತ್ತೆ ಬುಧವಾರ. ಅವಳು ಮಂಚೇಗೌಡರ ಕಡೆ ತಿರುಗಿದಳು.

"ಅಂಕಲ್, ಅವ್ರು ಸರಿಯಾಗೇ ಒತ್ತಿದಾರೆ. ತಪ್ಪು ನಂದು."

"ಮದ್ವೆ ಮುಗ್ದೋಯ್ತಲ್ಲ, ಬಿಡಮ್ಮ ಅತ್ಲಾಗೆ. ಈಗ್ಯಾಕೆ ಕೆದಕ್ತೀಯ?"

ಅವಳು ಬಿಡಲಿಲ್ಲ. ಆ ವಾರವೇ ಗಡಿಯಾರದ ಗೊಡವೆಯಿಲ್ಲದೆ ಬರಿಯ ತಾರೀಖನ್ನಷ್ಟೇ ದಾಟಿಸುವ ಹೊಸ ಕ್ಯಾಲೆಂಡರನ್ನು ನನ್ನ ಜಾಗಕ್ಕೆ ತಂದಳು. ನಾನೀಗ ಅವಳ ಕಂಪ್ಯೂಟರಿನಲ್ಲಿ, ಹಳೆಯ ಫೈಲುಗಳ ಮೂಲೆಯೊಂದರಲ್ಲಿ ಇದ್ದೇನೆ. ನನ್ನನ್ನು ಯಾರೂ ಬಿಚ್ಚುವುದಿಲ್ಲ. ಮೊದಮೊದಲು ಬೇಸರವಾಗುತ್ತಿತ್ತು, ಈಗಿಲ್ಲ. ಯಂತ್ರದ ಮಾತನ್ನು ಜನ ಎಷ್ಟು ಬೇಗ ನಂಬುತ್ತಾರೆ, ಮನೆಯವರ ಮಾತನ್ನು ಎಷ್ಟು ಬೇಗ ಬಿಡುತ್ತಾರೆ ಎಂದು ಯೋಚಿಸುತ್ತ ಕಾಲ ಕಳೆಯುತ್ತೇನೆ.

ನನ್ನನ್ನು ಇಲ್ಲಿಗೆ ತರುವ ಮುನ್ನ ಅವಳು ಇನ್ನಾಸಪ್ಪನವರಿಗೆ ಮಾಡಿದ ಫೋನ್ ಕರೆಯನ್ನು ಕೇಳಿದ್ದೇನೆ. ಆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಕ್ಷಮೆ ಕೇಳಿದಳು. ಶಾಮಿಯಾನದ ಖರ್ಚು ತಾನೇ ಕೊಡುವೆನೆಂದಳು.



"ದುಡ್ಡೇನೂ ಬ್ಯಾಡ ಕಣವ್ವ," ಎಂದರು ಇನ್ನಾಸಪ್ಪ. "ಈಗೇಳಿದ್ಯಲ್ಲ, ಅದ್ನ ನನ್ ಮಗ್ಳಿಗೊಂದ್ಸಲ ಹೇಳ್ಬಿಡ್ತೀಯಾ?"