ಕರಗದ ಚೀಲ

ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯ ಲ್ಯಾಬಿಗೆ ಯಾಮಿನಿ ಕೆಮಿಸ್ಟಾಗಿ ಸೇರಿದ್ದು ಮರಗೆಣಸಿನ ಹಿಟ್ಟಿನಿಂದ ಕೈಚೀಲ ಮಾಡುವುದಕ್ಕೆ. ಎರಡು ವರ್ಷ ಒದ್ದಾಡಿದಳು. ಅವಳ ಚೀಲ ಮೂರು ತಿಂಗಳಲ್ಲಿ ಮಣ್ಣಾಗುತ್ತಿತ್ತು. ಆದರೆ ಎರಡು ಕಿಲೋ ಈರುಳ್ಳಿ ಹಾಕಿದರೆ ಹರಿಯುತ್ತಿತ್ತು.

೨೦೧೬ರಲ್ಲಿ ಪ್ಲಾಸ್ಟಿಕ್ ನಿಷೇಧವಾಗಿ ಬೇಡಿಕೆ ಏರಿತು. ಮಾಲೀಕ ಋಷಿಕೇಶ್, "ಇನ್ನು ಕಾಯೋಕಾಗಲ್ಲ" ಎಂದ. ತಿಂಗಳೊಳಗೆ ಚೀಲ ಗಟ್ಟಿಯಾಯಿತು. ಹಿಟ್ಟಿನ ಪ್ರಮಾಣ ಬದಲಿಸಿದ್ದೇವೆ ಎಂದಷ್ಟೇ ಹೇಳಿದ. ಯಾಮಿನಿ ನಂಬಿ, ಚೀಲ ಮಣ್ಣಲ್ಲಿ ಕರಗುತ್ತದೆ ಎಂಬ ಪ್ರತಿ ಲೋಡಿನ ಪ್ರಮಾಣಪತ್ರಕ್ಕೂ ಸಹಿ ಹಾಕಿದಳು.

ಒಂದು ಮಧ್ಯಾಹ್ನ ಮಹಾನಂದಾ ಲ್ಯಾಬಿಗೆ ಬಂದಳು. ಯಾದಗಿರಿ ಕಡೆಯವಳು, ಚೀಲ ಕತ್ತರಿಸುವ ಕೆಲಸ.

"ಅಕ್ಕಾರ, ಮೊದಲ ಮಷೀನದಾಗ ರೊಟ್ಟಿ ಸುಟ್ಟಂಗ ವಾಸನಿ ಬರ್ತಿತ್ರಿ. ಈಗ ಕಣ್ಣು ಉರಿಯಾಕತ್ತಾವ. ಹಿಟ್ಟಿನ ಕೂಡ ಇವನ್ನ ಸುರೀತಾರ ನೋಡ್ರಿ."

ಮುಷ್ಟಿ ಬಿಚ್ಚಿದಳು. ಮಾಮೂಲಿ ಪ್ಲಾಸ್ಟಿಕ್ ಕಾಳು.

ಯಾಮಿನಿ ನೇರ ಋಷಿಕೇಶನ ಕೋಣೆಗೆ ಹೋದಳು. "ಸಾರ್, ಇನ್ಮೇಲೆ ನಾನು ಸಹಿ ಹಾಕಲ್ಲ."

ಅವನು ಎದ್ದು ಬಾಗಿಲು ಮುಚ್ಚಿದ. "ನಲವತ್ತು ಲೋಡ್ ಹೋಗಿದೆ ಯಾಮಿನಿ. ಎಲ್ಲದರ ಮೇಲೂ ಇರೋದು ನಿಮ್ಮ ಸಹಿ, ನಂದಲ್ಲ. ರೇಡ್ ಆದ್ರೆ ಯಾರನ್ನ ಕೇಳ್ತಾರೆ ಹೇಳಿ? ಕೆಲಸ ಬಿಡಲ್ಲ ಅಂತ ಬರ್ಕೊಟ್ಟ ಬಾಂಡ್ ಮುಗಿಯೋಕೆ ಇನ್ನೂ ಒಂದು ವರ್ಷ ಇದೆ. ನಿಮ್ಮ ಡಿಗ್ರಿ ಸರ್ಟಿಫಿಕೇಟೂ ನನ್ನ ಬೀರುವಲ್ಲೇ ಇದೆ."

ಅವಳು ಅಂದೂ ಸಹಿ ಹಾಕಿದಳು, ಮರುದಿನವೂ. ಊಟ ಸೇರದಾಯಿತು. ಮಹಾನಂದಾ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದಳು.

ವಾರದ ಮೇಲೆ ಋಷಿಕೇಶ್ ಕರೆಸಿದ. ಫೋನಿನ ಸ್ಪೀಕರಿನಲ್ಲಿ ಬ್ರೂಕ್‌ಫೀಲ್ಡಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಸುಬ್ಬಲಕ್ಷ್ಮಿ.

"ನಮ್ಮ ಮಕ್ಕಳು ತೋಟದ ಗುಂಡೀಲಿ ಹೂತಿಟ್ಟ ಚೀಲ ಆರು ತಿಂಗಳಾದ್ರೂ ಹಂಗೇ ಇದೆಯಲ್ಲ ಮೇಡಂ. ದಿನಾ ನೋಡ್ತಾರೆ ಪಾಪ. ನೀರು ಜಾಸ್ತಿ ಹಾಕ್ಬೇಕಾ?"

ಹೌದೆನ್ನುವಂತೆ ಋಷಿಕೇಶ್ ಸನ್ನೆ ಮಾಡಿದ. ಯಾಮಿನಿ ಫೋನನ್ನು ಕೈಗೆತ್ತಿಕೊಂಡಳು.

"ಎಷ್ಟು ನೀರು ಹಾಕಿದ್ರೂ ಕರಗಲ್ಲ ಮೇಡಂ. ಅದರಲ್ಲಿ ಪ್ಲಾಸ್ಟಿಕ್ ಇದೆ. ಗೊತ್ತಾದ ಮೇಲೂ ನಾನು ಸಹಿ ಹಾಕಿದ್ದೀನಿ."

ಅವನು ಫೋನ್ ಕಿತ್ತುಕೊಂಡ. ಆದರೆ ಅಷ್ಟರಲ್ಲಿ ಮಾತು ಮುಟ್ಟಿಯಾಗಿತ್ತು.

ಶಾಲೆಯವರು ದೂರು ಕೊಟ್ಟರು. ಅಧಿಕಾರಿಗಳು ಬಂದು ಕಾರ್ಖಾನೆಗೆ ಬೀಗಮುದ್ರೆ ಹಾಕಿದರು. ಯಾಮಿನಿಯ ಸರ್ಟಿಫಿಕೇಟೂ ಒಳಗೇ ಉಳಿಯಿತು. ಮೊಕದ್ದಮೆಯಲ್ಲಿ ಋಷಿಕೇಶನ ಹೆಸರಿನ ಕೆಳಗೆ ಅವಳದೂ ಬಂತು. ಮಹಾನಂದಾ ಒಂದು ಗಾರ್ಮೆಂಟ್ಸಿಗೆ ಸೇರಿಕೊಂಡಳು. ಯಾಮಿನಿಯನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

"ನಿಮಗೇನೂ ಗೊತ್ತಿರಲಿಲ್ಲ ಅಂದ್ಬಿಡಿ, ಸುಲಭವಾಗುತ್ತೆ" ಎಂದರು ವಕೀಲರು.

"ಗೊತ್ತಿತ್ತಲ್ಲ ಸಾರ್" ಎಂದಳು ಯಾಮಿನಿ. ಮುಂದಿನ ವಿಚಾರಣೆಯ ತಾರೀಕು ಬರೆದುಕೊಂಡು ಬಸ್‌ಸ್ಟಾಪಿನ ಕಡೆ ನಡೆದಳು.